ಹಿತ್ತಲ ಕೊರಿಯನ್

ನಾನು ಬೆಳೆದ ಮನೆಯಲ್ಲಿ ನೆಟ್ಟಗೆ ನಿಲ್ಲಲು ಆಗುತ್ತಿದ್ದುದು ಅರ್ಧ ಭಾಗದಲ್ಲಿ ಮಾತ್ರ. ಉಳಿದರ್ಧದ ನೆತ್ತಿಯ ಮೇಲೆ ಮೆಟ್ಟಿಲು ಇಳಿದು ಬರುತ್ತಿತ್ತು. ಪುಣೆಯ ವಿಮಾನ ನಗರದ ಒಂದು ಮೂರಂತಸ್ತಿನ ಕಟ್ಟಡದ ಮೆಟ್ಟಿಲ ಕೆಳಗೆ, ಒಂದು ಪಕ್ಕ ಕರೆಂಟಿನ ಮೀಟರುಗಳು, ಇನ್ನೊಂದು ಪಕ್ಕ ನೀರೆತ್ತುವ ಪಂಪು, ನಡುವೆ ನಾವು ಮೂವರು: ಅಪ್ಪ, ಅವ್ವ, ನಾನು. ಆ ಕಟ್ಟಡಕ್ಕೆ ಪಾಯ ತೋಡುವಾಗ ಅಪ್ಪ ಅವ್ವ ಯಾದಗಿರಿ ಕಡೆಯಿಂದ ಬಂದು ಅದೇ ಜಾಗದ ತಗಡಿನ ಶೆಡ್ಡಿನಲ್ಲಿದ್ದರು. ಕಟ್ಟಡ ಮುಗಿದಾಗ ಬಿಲ್ಡರ್ ಅಪ್ಪನನ್ನು ವಾಚ್‌ಮನ್ ಮಾಡಿ ಉಳಿಸಿಕೊಂಡ. ತಾನೇ ಕಲಸಿದ ಸಿಮೆಂಟಿನ ಕೆಳಗೆ ತಾನೇ ಮಲಗುತ್ತೇನೆಂದು ಅಪ್ಪನಿಗೆ ಒಂಥರಾ ಹೆಮ್ಮೆ. ಅವ್ವನಿಗೆ ಅಂಥದ್ದೇನೂ ಇರಲಿಲ್ಲ. ರೊಟ್ಟಿ ಬಡಿಯುತ್ತ ಮರೆತು ತಲೆ ಎತ್ತಿದಾಗಲೆಲ್ಲ ಆ ಸಿಮೆಂಟು ಅವಳ ನೆತ್ತಿಗೆ ತಾಗುತ್ತಿತ್ತು, ಅವಳು ಕಲಸಿದವನ ಕಡೆ ಒಮ್ಮೆ ನೋಡಿ ಮತ್ತೆ ರೊಟ್ಟಿ ಬಡಿಯುತ್ತಿದ್ದಳು.

ಈ ಮನೆಗೆ ಎರಡು ಬಾಗಿಲು. ಮುಂದಿನದು ಕಾರು ನಿಲ್ಲಿಸುವ ಜಾಗಕ್ಕೆ ತೆರೆಯುತ್ತಿತ್ತು, ಹಿಂದಿನದು ಹಿತ್ತಲಿಗೆ. ಮುಂದಿನ ಬಾಗಿಲು ತೆರೆದಿದ್ದಾಗ ಕನ್ನಡ ಆಡಬಾರದು ಎಂಬುದು ಅಪ್ಪನ ಕಟ್ಟಪ್ಪಣೆ. ಮರಾಠಿ ಆಡು, ಬರದಿದ್ದರೆ ಹಿಂದಿ, ಅದೂ ಬರದಿದ್ದರೆ ಸುಮ್ಮನಿರು. ನಾನು ಅಪ್ಪನ ಮಗಳೇ. ಮರಾಠಿ ಶಾಲೆಗೆ ಸೇರಿದ ಮೊದಲ ವರ್ಷವೇ ಪಕ್ಕದ ಬೆಂಚಿನವಳು ಹುಟ್ಟಿದ್ದು ಎಲ್ಲಿ ಎಂದು ಕೇಳಿದರೆ ಇಲ್ಲೇ ಎಂದು ಮಾತ್ರ ಹೇಳುವುದನ್ನು ಕಲಿತಿದ್ದೆ. ಆ ವರ್ಷ ಪಾಲಕರ ಸಭೆಗೆ ಅವ್ವ ಬಂದಳು. ಹಸಿರು ಇಳಕಲ್ಲ ಸೀರೆ, ಹಣೆ ತುಂಬ ಕುಂಕುಮ. ಟೀಚರಿಗೆ ಅರ್ಧ ಮರಾಠಿ ಅರ್ಧ ಯಾದಗಿರಿ ಕನ್ನಡ ಸೇರಿಸಿ, ನನ್ನ ಹುಡುಗಿ ಲೆಕ್ಕದಲ್ಲಿ ಹೇಗಿದ್ದಾಳೆ ಎಂದು ದೊಡ್ಡ ದನಿಯಲ್ಲಿ ಕೇಳಿದಳು. ನನ್ನ ಹಿಂದೆ ಇಬ್ಬರು ಹುಡುಗಿಯರು "ಯಂಡುಗುಂಡು, ಯಂಡುಗುಂಡು" ಎಂದು ಪಿಸುಗುಟ್ಟಿ ಕಿಸಕ್ಕನೆ ನಕ್ಕರು. ಪುಣೆಯ ಶಾಲೆಗಳಲ್ಲಿ ದಕ್ಷಿಣದವರ ಭಾಷೆಗೆಲ್ಲ ಅದೊಂದೇ ಹೆಸರು. ದಾರಿಯಲ್ಲಿ ನಾನು ಅವ್ವನ ಕೈ ಬಿಟ್ಟು ಮುಂದೆ ಮುಂದೆ ನಡೆದೆ. ಮನೆ ಹತ್ತಿರ ಬಂದಾಗ ಹೇಳಿಬಿಟ್ಟೆ.

"ಯವ್ವಾ, ಇನ್ನ ಮ್ಯಾಲ ಸಾಲ್ಯಾಗ ನೀ ಬಾಯಿ ಬಿಡಬ್ಯಾಡ. ಟೀಚರ್ ಏನರ ಕೇಳಿದ್ರ ಬರೇ ಗೋಣು ಹಾಕು."

"ಯಾಕ?"

"ಯಾಕಂದ್ರ ಯಾಕ. ಬ್ಯಾಡಂದ್ರ ಬ್ಯಾಡ."

ಅವ್ವ ಮುಂದಿನ ಸಭೆಯಲ್ಲಿ ಗೋಣು ಹಾಕಿ ಬಂದಳು. ಎಂಟು ವರ್ಷದ ಹುಡುಗಿ ತಾಯಿಯ ಬಾಯಿಗೆ ಬೀಗ ಹಾಕಿದ್ದು ಮನೆಯಲ್ಲಿ ಯಾರಿಗೂ ದೊಡ್ಡ ಸಂಗತಿ ಅನ್ನಿಸಲಿಲ್ಲ. ನನಗಂತೂ ಒಳ್ಳೆಯದೇ ಆಯಿತು ಅನ್ನಿಸಿತು.

ಮರುವರ್ಷ ಕಟ್ಟಡದ ಎರಡು ಅಂತಸ್ತನ್ನು ಒಬ್ಬ ಕೊರಿಯನ್ ಹೆಂಗಸು ಬಾಡಿಗೆಗೆ ಹಿಡಿದು ಗೆಸ್ಟ್‌ಹೌಸ್ ತೆರೆದಳು. ನಾವೆಲ್ಲ ಮೇಡಂ ಅನ್ನುತ್ತಿದ್ದೆವು. ಊರಾಚೆಯ ಕಾರ್ಖಾನೆಗಳಿಗೆ ಬರುವ ಕೊರಿಯನ್ ಇಂಜಿನಿಯರುಗಳಿಗೆ ಅಲ್ಲಿ ಊಟ, ವಸತಿ. ಅವ್ವನಿಗೆ ಪಾತ್ರೆ ತೊಳೆಯುವ, ತರಕಾರಿ ಹೆಚ್ಚುವ ಕೆಲಸ ಸಿಕ್ಕಿತು. ನಮ್ಮ ಹಿತ್ತಲ ಬಾಗಿಲೂ ಅವರ ಅಡುಗೆಮನೆಯ ಹಿಂಬಾಗಿಲೂ ಎದುರುಬದುರು. ಊಟದ ಹಾಲಿನ ಗೋಡೆಗೆ ಮೇಡಂ ಕೊರಿಯನ್ ಅಕ್ಷರದ ಒಂದು ಹಾಳೆ ಅಂಟಿಸಿದ್ದಳು. 'ಚೊಲ್ಲಾ ಸೀಮೆಯ ಕೈರುಚಿ' ಎಂದು ಅದರ ಅರ್ಥ ಎಂದು ನನಗೆ ಆಮೇಲೆ ತಿಳಿಯಿತು. ಕೊರಿಯಾದ ನೈಋತ್ಯದಲ್ಲಿರುವ ಚೊಲ್ಲಾ ಅಡುಗೆಗೆ ಹೆಸರುವಾಸಿ. ಚೊಲ್ಲಾದ ಅಡುಗೆಯವಳು ಅಂದರೆ ಇಲ್ಲಿ ಉಡುಪಿ ಭಟ್ಟರು ಅಂದ ಹಾಗೆ, ಜನ ತಿನ್ನುವ ಮೊದಲೇ ಚಪ್ಪರಿಸುತ್ತಾರೆ.

ಅಡುಗೆಯವಳನ್ನು ಅತಿಥಿಗಳೆಲ್ಲ 'ಇಮೋ' ಎಂದು ಕರೆಯುತ್ತಿದ್ದರು. ಇಮೋ ಅಂದರೆ ಅವರಲ್ಲಿ ಚಿಗವ್ವ. ಐವತ್ತು ದಾಟಿದ ಗಟ್ಟಿಮುಟ್ಟಾದ ಹೆಂಗಸು, ಕತ್ತರಿಸಿದ ಕೂದಲು, ಸದಾ ಸೊಂಟದ ಮೇಲೊಂದು ಕೈ. ಊಟದ ಹಾಲಿಗೆ ಬಂದರೆ ತಟ್ಟೆ ಇಟ್ಟು, ತಲೆ ಬಾಗಿಸಿ, ತುಟಿ ಬಿಚ್ಚದೆ ಒಳಗೆ ಹೋಗುತ್ತಿದ್ದಳು. ಪಾಪ, ಬಹಳ ನಾಚಿಕೆ ಸ್ವಭಾವ ಎಂದು ಮೇಡಂ ಹೇಳಿಕೊಂಡಿದ್ದಳು. ಅತಿಥಿಗಳು ನಂಬಿದ್ದರು. ಹಿತ್ತಲಿಗೆ ಬಂದರೆ ಅದೇ ಹೆಂಗಸು ಬಾಯಿ ಮುಚ್ಚುತ್ತಿರಲಿಲ್ಲ. ಬೆಕ್ಕಿಗೆ ಬೈಯುತ್ತಿದ್ದಳು, ಮೂಲಂಗಿಗೆ ಬೈಯುತ್ತಿದ್ದಳು, ಮೇಲೆ ಹಾದುಹೋಗುವ ವಿಮಾನಕ್ಕೂ ಬೈಯುತ್ತಿದ್ದಳು. ಅವ್ವ ಕನ್ನಡದಲ್ಲಿ, ಅವಳು ಅವಳದ್ದರಲ್ಲಿ, ಇಬ್ಬರೂ ಬೆಳ್ಳುಳ್ಳಿ ಸುಲಿಯುತ್ತ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಒಬ್ಬರಿಗೊಬ್ಬರ ಒಂದು ಪದವೂ ಗೊತ್ತಿರಲಿಲ್ಲ. ಅದಕ್ಕಾಗಿ ಯಾರೂ ಮಾತು ನಿಲ್ಲಿಸಲಿಲ್ಲ.

"ಅಕಿ ಮಾತು ನಮ್ಮ ಮಾತಿನಂಗೇ ಅದ ನೋಡು," ಎಂದಳು ಅವ್ವ ಒಂದು ದಿನ. "ಜಗ್ಗಿ ಜಗ್ಗಿ ಆಡ್ತಾಳ. ಮ್ಯಾಲಿನವರು ಸಪ್ಪಗ ಆಡ್ತಾರ."

ಅವ್ವ ಓದಿದವಳಲ್ಲ. ಆದರೆ ಮುಂದೆ ನಾನು ಪುಸ್ತಕದಲ್ಲಿ ಓದಿ ಕಲಿತದ್ದನ್ನು ಅವಳು ಬೆಳ್ಳುಳ್ಳಿ ಸುಲಿಯುತ್ತಲೇ ಕಂಡುಕೊಂಡಿದ್ದಳು. ಸಿಯೋಲ್ ಪಟ್ಟಣದ ಕೊರಿಯನ್ ಸಮತಟ್ಟು, ಉತ್ತರದ ಹಾಮ್‌ಗ್ಯೊಂಗ್ ಸೀಮೆಯ ಕೊರಿಯನ್ ಏರಿ ಇಳಿದು ಬರುತ್ತದೆ. ಇಮೋ ಚೊಲ್ಲಾದವಳಾಗಿರಲಿಲ್ಲ. ಕೊರಿಯಾದವಳೇ ಆಗಿರಲಿಲ್ಲ. ಅವಳ ಅಜ್ಜ ಅಜ್ಜಿ ಹಾಮ್‌ಗ್ಯೊಂಗಿನಿಂದ ತೂಮನ್ ಹೊಳೆ ದಾಟಿ ಚೀನಾದ ಗಡಿಯೊಳಗೆ ಬಂದು ಗದ್ದೆ ಮಾಡಿದವರು. ಅವಳು ಹುಟ್ಟಿ ಬೆಳೆದದ್ದು ಅಲ್ಲೇ, ಪಾಸ್‌ಪೋರ್ಟೂ ಅಲ್ಲಿಯದೇ. ಅಲ್ಲಿ ಅವಳಂಥ ಲಕ್ಷಾಂತರ ಜನ ಹೊಳೆ ದಾಟುವಾಗ ತಂದ ಮಾತನ್ನು ಇಟ್ಟುಕೊಂಡಿದ್ದಾರೆ. ಸಿಯೋಲಿನವರ ಕಿವಿಗೆ ಮಾತ್ರ ಆ ಮಾತು ಕೂಲಿಯವರ, ಪಾತ್ರೆ ತೊಳೆಯುವವರ ಮಾತು. ಅವಳು ಬಾಯಿ ಬಿಟ್ಟರೆ ಗೋಡೆಯ ಹಾಳೆ ಸುಳ್ಳಾಗುತ್ತದೆ, ಅದಕ್ಕೇ ಮೇಡಂ ಬಾಯಿ ಮುಚ್ಚಿಸಿದ್ದಳು. ಅವಳು ಒಪ್ಪಿದ್ದಳು. ಅವಳ ಮಗಳು ಸಿಯೋಲಿನಲ್ಲಿ ಕಾಲೇಜು ಓದುತ್ತಿದ್ದಳು. ಈ ಕೆಲಸ ಹೋದರೆ ಆ ಓದು ನಿಲ್ಲುತ್ತಿತ್ತು.

ಶಾಲೆಯಿಂದ ಬಂದವಳು ನಾನು ಚೀಲ ಎಸೆದು ಹಿತ್ತಲಲ್ಲೇ ಕೂರುತ್ತಿದ್ದೆ. ಎರಡು ವರ್ಷ ಕೂತೆ. ಮಕ್ಕಳಿಗೆ ಭಾಷೆ ಹೇಗೆ ಬರುತ್ತದೆ ಎಂದು ಈಗ ನನ್ನನ್ನೇ ಕೇಳಿದರೆ ಹೇಳಲಾರೆ. ಮೂಲಂಗಿಯ ಹೆಸರು ಬಂತು, ಬೈಗುಳ ಬಂತು, ಆಮೇಲೆ ಕಥೆಯೇ ಅರ್ಥವಾಗತೊಡಗಿತು. ಇಮೋ ಅನ್ನಬೇಡ ಎಂದು ಅವಳೇ ಹೇಳಿದಳು. ಅವಳ ಊರಿನಲ್ಲಿ ಚಿಗವ್ವನಿಗೆ 'ಆಜೆ' ಅನ್ನುತ್ತಾರಂತೆ. ಅತಿಥಿಗಳಿಗೆ ಇಮೋ, ನನಗೊಬ್ಬಳಿಗೆ ಆಜೆ. ಅವಳು ನನ್ನನ್ನು ಕಂಡ ತಕ್ಷಣ "ಪಾಬ್ ಮೊಗೊಸ್ಸುಮ್‌ದುಂಗ್?" ಎಂದು ಕೇಳುತ್ತಿದ್ದಳು. ಉಂಡೆಯಾ ಎಂದು. ಮಕ್ಕಳಿಗೆ ಆಡದ ಗೌರವದ ಮಾತು ಅದು, ನನ್ನನ್ನು ರೇಗಿಸಲು ದೊಡ್ಡವಳ ಹಾಗೆ ಕೇಳುತ್ತಿದ್ದಳು. ಕೊನೆಯ 'ದುಂಗ್' ಡೊಳ್ಳಿಗೆ ಕೈ ಬಿದ್ದ ಹಾಗೆ ಬೀಳುತ್ತಿತ್ತು, ನನಗೆ ಅದೇ ಇಷ್ಟ. ಇಲ್ಲೊಂದು ಮಾತು ಹೇಳಿಬಿಡಬೇಕು. ಆಜೆಯ ಹಿತ್ತಲ ಮಾತನ್ನು ಕನ್ನಡಕ್ಕೆ ತರುವಾಗ ನನ್ನ ಕೈಗೆ ಯಾದಗಿರಿಯ ಕನ್ನಡವೇ ಬರುತ್ತದೆ. ಮೇಡಂ ಮಾತು ಬರೆಯುವಾಗ ಪುಸ್ತಕದ ಕನ್ನಡ ಬರುತ್ತದೆ. ಬೇರೆ ಥರ ಬರೆಯಲು ನನಗಾಗದು.

"ಈ ಮಾತು ಮೊದಲು ಎಲ್ಲಿಂದ ಬಂತು, ಆಜೆ?" ಎಂದು ಕೇಳಿದ್ದೆ.

"ನಮ್ಮವ್ವನ ಬಾಯಿಂದ. ಅಕಿಗಿ ಅವರವ್ವನ ಬಾಯಿಂದ. ಅದರ ಹಿಂದಿಂದು ಯಾರು ಕಂಡಾರ?"

ಅದರ ಹಿಂದಿನದನ್ನು ಕಾಣಲು ಪಂಡಿತರು ಇವತ್ತಿಗೂ ಜಗಳವಾಡುತ್ತಿದ್ದಾರೆ. ಮಂಗೋಲಿಯಾ ಕಡೆಯ ಭಾಷೆಗಳ ನಂಟು ಎಂದು ಕೆಲವರು, ಜಪಾನಿ ಭಾಷೆಯ ದಾಯಾದಿ ಎಂದು ಕೆಲವರು. ಅವರೂ ಅಪ್ಪನಿಗೆ ಅಪ್ಪಾ ಎಂದೇ ಅನ್ನುವುದು ಕೇಳಿ ನಮ್ಮ ದ್ರಾವಿಡ ಭಾಷೆಗಳಿಗೇ ಗಂಟು ಹಾಕಲು ಹೊರಟವರೂ ಹಿಂದೆ ಇದ್ದರು. ಯಾವುದೂ ನಿಂತಿಲ್ಲ. ಇಂಥದೇ ಕುಲ ಎಂದು ಗೊತ್ತಾಗದ ಒಂಟಿ ಭಾಷೆ ಎಂದೇ ಹೆಚ್ಚಿನವರು ಈಗ ಹೇಳುತ್ತಾರೆ. ಸಿಯೋಲ್, ಪ್ಯೊಂಗ್ಯಾಂಗ್, ದಕ್ಷಿಣದ ದ್ವೀಪ, ಜಪಾನು, ತಾಷ್ಕೆಂಟು, ಹೊಳೆಯಾಚೆಯ ಚೀನಾ, ಹೋದಲ್ಲೆಲ್ಲ ಅದು ಬೇರೆ ಬೇರೆ ಥರ ಬದುಕಿಕೊಂಡಿದೆ. ಮುಂದೆ ಕೊರಿಯನ್ ಓದಲು ಹೋಗಿ ನಾನು ಇದನ್ನೆಲ್ಲ ತರಗತಿಯಲ್ಲಿ ಕೇಳುವಾಗ ಉಳಿದವರು ಬರೆದುಕೊಳ್ಳುತ್ತಿದ್ದರು. ನನಗೆ ಮಾತ್ರ ಬೆಳ್ಳುಳ್ಳಿ ಸಿಪ್ಪೆಯ ವಾಸನೆ ಮೂಗಿಗೆ ಬರುತ್ತಿತ್ತು.

ವರ್ಷಕ್ಕೊಮ್ಮೆ, ತಾಯಿ ತೀರಿದ ದಿನ, ಆಜೆ ಹಿತ್ತಲ ಕಲ್ಲಿನ ಮೇಲೆ ಒಂದು ಬಟ್ಟಲು ಅನ್ನವಿಟ್ಟು, ಅದರಲ್ಲಿ ಚಮಚ ನೆಟ್ಟಗೆ ಚುಚ್ಚಿ, ಈಶಾನ್ಯಕ್ಕೆ ತಿರುಗಿ ಅಡ್ಡಬೀಳುತ್ತಿದ್ದಳು. ಎಡೆ ಇಡುವುದೆಂದರೆ ಏನು ಎಂದು ಅವ್ವನಿಗೆ ಯಾರೂ ವಿವರಿಸಬೇಕಿರಲಿಲ್ಲ. ಮೊದಲ ವರ್ಷವೇ ಅವಳು ಒಳಗೆ ಹೋಗಿ ಒಂದು ಜೋಳದ ರೊಟ್ಟಿ, ಪುಂಡಿ ಪಲ್ಲೆ ತಂದು ಬಟ್ಟಲಿನ ಪಕ್ಕ ಇಟ್ಟಳು. ಆಜೆ ಅವ್ವನ ಕೈ ಹಿಡಿದು ಬಹಳ ಹೊತ್ತು ಏನೇನೋ ಹೇಳಿದಳು. ಅವ್ವ "ಹೂಂ ಯಕ್ಕ, ಹೂಂ" ಅನ್ನುತ್ತಲೇ ಇದ್ದಳು. ಆ ಸಂಜೆ ಆಜೆ ನನ್ನ ಗಲ್ಲ ಹಿಡಿದು ಎಚ್ಚರಿಸಿದ್ದೂ ನೆನಪಿದೆ.

"ಇದು ಹಿತ್ತಲ ಮಾತು, ಮಾದೇವಿ. ಒಳಗ ಹೋಗಿ ಆಡಬ್ಯಾಡ. ಆಡಿದ್ರ ನನ್ನ ಕೆಲಸ ಹೋಗ್ತದ."

ಆದ್ದರಿಂದ ನನಗೆ ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ. ಚೆನ್ನಾಗಿ ಗೊತ್ತಿತ್ತು.

ಕೊರಿಯನ್ನರ ಸುಗ್ಗಿ ಹಬ್ಬದ ದಿನ ಗೆಸ್ಟ್‌ಹೌಸಿನಲ್ಲಿ ದೊಡ್ಡ ಊಟ. ನಮ್ಮ ಕರ್ಚಿಕಾಯಿಯ ಆಕಾರದ ಅಕ್ಕಿ ಕಡುಬು ಮಾಡಲು ಆಜೆಯೂ ಅವ್ವನೂ ಬೆಳಗಿನಿಂದ ಕೂತಿದ್ದರು. ಮೇಡಮ್ಮಿನ ಮನಸ್ಸು ಗೆಲ್ಲುವ ಆಸೆ ಅಪ್ಪನಿಗೆ. ನಮ್ಮ ಹುಡುಗಿಗೆ ನಿಮ್ಮ ಭಾಷೆಯ ನಮಸ್ಕಾರ ಬರುತ್ತದೆ, ಸಾಹೇಬರ ಮುಂದೆ ಹೇಳಲಿ ಎಂದು ಹಿಂದಿಯಲ್ಲಿ ಕೇಳಿದ. ಮೇಡಂ ನಕ್ಕು ಒಪ್ಪಿದಳು. ಅವಳ ಎಣಿಕೆಯಲ್ಲಿ ಅದು ಒಂದು ಪದದ ಸಂಗತಿ. ನಾನು ಹೊಸ ಫ್ರಾಕು ಹಾಕಿ ಹದಿನಾಲ್ಕು ಜನರ ಮುಂದೆ ನಿಂತೆ. "ಅನ್ಯೊಂಗ್‌ಹಸೇಯೋ" ಅಂದೆ. ಚಪ್ಪಾಳೆ ಬಿತ್ತು. ಶಾಲೆಯಲ್ಲಿ ನನಗೆ ಎಂದೂ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಅಷ್ಟೇ ಸಾಕಾಯಿತು, ಬಾಯಿ ನನ್ನ ಕೈ ಮೀರಿತು. ಉಂಡಿರಾ, ಏಕೆ ಹೀಗೆ ಬಡಕಲಾಗಿದ್ದೀರಿ, ಕಡುಬು ಬಿಸಿ ಇದೆ, ಊದಿ ತಿನ್ನಿರಿ, ನಿಮ್ಮಪ್ಪ ಅಮ್ಮ ಹೇಗಿದ್ದಾರೆ ಎಂದು ಆಜೆ ನನಗೆ ಹೇಳುತ್ತಿದ್ದುದನ್ನೆಲ್ಲ ಆಜೆಯ ರಾಗದಲ್ಲೇ, ದುಂಗ್ ದುಂಗ್ ಎಂದು ಅವರಿಗೆ ಒಪ್ಪಿಸಿದೆ.

ಚಪ್ಪಾಳೆ ನಿಂತಿತ್ತು. ಕೆಲವರು ಒಬ್ಬರ ಮುಖ ಒಬ್ಬರು ನೋಡಿದರು. ಮೂಲೆಯಲ್ಲಿ ಕೂತಿದ್ದ ಹಾನ್ ಎಂಬ ಹಿರಿಯ ಇಂಜಿನಿಯರು, ಬಿಳಿಗೂದಲಿನವರು, ಊಟದ ಕಡ್ಡಿಗಳನ್ನು ತಟ್ಟೆಯ ಮೇಲಿಟ್ಟರು.

"ಮಗೂ, ಇದನ್ನು ನಿನಗೆ ಕಲಿಸಿದವರು ಯಾರು?"

ನಾನು ಅಡುಗೆಮನೆಯ ಬಾಗಿಲಿಗೆ ಬೆರಳು ತೋರಿಸಿದೆ.

ಅವರು ಎದ್ದು ಸೀದಾ ಅಲ್ಲಿಗೆ ನಡೆದರು. ಆಜೆ ಸೌಟು ಹಿಡಿದು ನಿಂತಿದ್ದಳು. ಹಾನ್ ತಡವರಿಸುತ್ತ ಅವಳ ಮಾತಿನಲ್ಲೇ ಏನೋ ಕೇಳಿದರು, ನಿಮ್ಮದು ಯಾವ ಹೊಳೆ ದಂಡೆ ಎಂದು. ಅವಳು ತುಟಿ ಬಿಗಿಹಿಡಿಯುವ ಮೊದಲೇ ಉತ್ತರ ಹೊರಬಿದ್ದಿತ್ತು. ಅವರು ಅಲ್ಲೇ ಬಾಗಿಲ ಚೌಕಟ್ಟು ಹಿಡಿದು ಅಳತೊಡಗಿದರು. ಕೊರಿಯಾ ಎರಡಾದ ಯುದ್ಧದ ಕಾಲದಲ್ಲಿ ಅವರ ತಾಯಿ ಹಾಮ್‌ಗ್ಯೊಂಗಿನಿಂದ ಹಡಗು ಹತ್ತಿ ದಕ್ಷಿಣಕ್ಕೆ ಬಂದವಳಂತೆ, ಮತ್ತೆ ಊರು ಕಾಣಲಿಲ್ಲವಂತೆ. ಅವಳು ಸತ್ತ ಮೇಲೆ ಈ ದನಿ ಕಿವಿಗೆ ಬಿದ್ದಿರಲಿಲ್ಲ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಸಂತೋಷಕ್ಕೇ ಹೇಳಿದರು, ಕೆಡಿಸಬೇಕೆಂದಲ್ಲ. ಅವರ ಹಿಂದೆ ಒಬ್ಬ ತರುಣ ಇಂಜಿನಿಯರು ಗೋಡೆಯ ಹಾಳೆಯನ್ನು ನಿಧಾನವಾಗಿ ಓದಿದ. "ಚೊಲ್ಲಾ ಸೀಮೆಯ ಕೈರುಚಿ." ಯಾರೂ ನಗಲಿಲ್ಲ. ಮೇಡಂ ಮುಖ ಬಿಳಿಚಿಕೊಂಡಿತು.

ಆ ದಿನ ಯಾರೂ ಏನೂ ಅನ್ನಲಿಲ್ಲ. ಅಂದದ್ದು ತಟ್ಟೆಗಳು. ಮರುದಿನದಿಂದ ಕಿಮ್ಚಿ, ಅವರ ಕೋಸಿನ ಉಪ್ಪಿನಕಾಯಿ, ಉಳಿದು ಬರತೊಡಗಿತು. ಅದೇ ಜಾಡಿಯ ಕಿಮ್ಚಿ, ಹಿಂದಿನ ವಾರ ಎರಡೆರಡು ಸಲ ಕೇಳಿ ಹಾಕಿಸಿಕೊಂಡದ್ದು. ಈಗ ಒಂದು ಎಸಳು ಕಚ್ಚಿ ಬಿಡುತ್ತಿದ್ದರು. ಏನೋ ಚೀನೀ ವಾಸನೆ ಎಂದು ಒಬ್ಬ, ಉಪ್ಪು ಬೇರೆ ಥರ ಎಂದು ಇನ್ನೊಬ್ಬ. ಇವರು ಕೆಟ್ಟವರಲ್ಲ, ಹಬ್ಬಕ್ಕೆ ನನಗೆ ಪೆನ್ಸಿಲ್ ಡಬ್ಬಿ ಕೊಟ್ಟ ಜನ. ನಾಲಿಗೆ ನಿಜವಾಗಿಯೂ ಅವರಿಗೆ ಹಾಗೆ ಹೇಳುತ್ತಿತ್ತು ಎಂದೇ ಕಾಣುತ್ತದೆ. ಅವ್ವ ತಟ್ಟೆ ತೊಳೆಯುತ್ತ ಲೆಕ್ಕ ಇಡುತ್ತಿದ್ದಳು.

"ಇವತ್ತು ಹನ್ನೊಂದು ತಾಟಿನ್ಯಾಗ ಹಂಗೇ ಬಂದದ. ಬರೇ ಆ ಮುದುಕಂದು ಖಾಲಿ ಅದ."

ಆಜೆ ಆ ಉಳಿದದ್ದನ್ನು ಬಕೆಟ್ಟಿಗೆ ಸುರಿಯುತ್ತಿದ್ದಳು. ಬೆಕ್ಕಿಗೆ ಬೈಯುವುದನ್ನೂ ಬಿಟ್ಟಿದ್ದಳು. ನಾಲ್ಕನೆಯ ದಿನ ಮೇಡಂ ಅಪ್ಪನನ್ನೂ ನನ್ನನ್ನೂ ಕರೆಸಿದಳು. ಅತಿಥಿಗಳು ಬೇರೆ ಗೆಸ್ಟ್‌ಹೌಸಿಗೆ ಹೋಗುವ ಮಾತಾಡುತ್ತಿದ್ದಾರೆ, ಹೋದರೆ ನಾನು ಈ ಅಡುಗೆಯವಳನ್ನು ಕಳಿಸಿ ಬೇರೆಯವಳನ್ನು ತರಲೇಬೇಕು ಎಂದಳು. ಅವಳ ಬಳಿ ಒಂದು ದಾರಿಯಿತ್ತು. ಹಾಲಿನ ಟಿವಿಯಲ್ಲಿ ಅತಿಥಿಗಳು ಸಿಡಿ ಹಾಕಿ ಕೊರಿಯನ್ ಧಾರಾವಾಹಿ ನೋಡುತ್ತಿದ್ದರು. ಅವುಗಳಲ್ಲಿ ಉತ್ತರ ಕೊರಿಯಾದ ಗೂಢಚಾರರು ಬಂದು ಇಂಥದೇ ಭಾಷೆ ಆಡಿ ನಗಿಸುತ್ತಿದ್ದರು. ಭಾನುವಾರದ ಊಟಕ್ಕೆ ನಾನು ಬಂದು ಎರಡು ವಾಕ್ಯ ಹೇಳಬೇಕು: ಆ ಮಾತನ್ನು ನಾನು ಟಿವಿ ನೋಡಿ ಕಲಿತೆ. ಇಮೋ ನನಗೆ ಏನೂ ಕಲಿಸಿಲ್ಲ. ಇದನ್ನು ಇಮೋಗೂ ಹೇಳಿದ್ದೇನೆ, ಒಪ್ಪಿದ್ದಾಳೆ ಎಂದಳು ಮೇಡಂ. ಹಾನ್ ಅವರಿಗೆ ಅವಳು ಕೊಟ್ಟ ಉತ್ತರವನ್ನು, ಮುದುಕರ ಮನಸ್ಸು ನೋಯದಿರಲಿ ಎಂದು ನಟಿಸಿದ್ದು ಎಂದು ಮೇಡಮ್ಮೇ ಹೇಳಿ ಮುಚ್ಚುತ್ತಾಳಂತೆ.

ಅವತ್ತು ಮೆಟ್ಟಿಲ ಕೆಳಗೆ ಎರಡೂ ಬಾಗಿಲು ಮುಚ್ಚಿ ಜಗಳ ನಡೆಯಿತು.

"ಎರಡ ಮಾತು ಹೇಳಿದ್ರ ಬಾಯಿ ಸವೀತದೇನ?" ಎಂದ ಅಪ್ಪ. "ಅಕಿ ಕೆಲಸಾನೂ ಉಳೀತದ, ಮೇಡಂ ಬಿಲ್ಡರ್‌ಗ ಏನೂ ಅನ್ನಂಗಿಲ್ಲ, ನಮ್ಮ ಖೋಲಿನೂ ಉಳೀತದ."

"ಕಲಿಸಿದಾಕಿನ್ನ ಕಲಿಸಿಲ್ಲ ಅಂತ ನಾಕ ಮಂದ್ಯಾಗ ಅನ್ನಿಸ್ತೀ ಏನ್ ಕೂಸಿನ ಕಡೆ?"

"ಅಕಿನೇ ಒಪ್ಯಾಳ."

"ಒಪ್ಪಲಾರ್ದ ಏನ್ ಮಾಡ್ತಾಳ? ನಿನಗ ಹೊಟ್ಟಿ ಉರಿಯಂಗಿಲ್ಲ, ಅಷ್ಟ."

ಅವ್ವ ಅಪ್ಪನಿಗೆ ಎದುರಾಡಿದ್ದು ನಾನು ಕಂಡ ಹಾಗೆ ಅದೊಂದೇ ಸಲ. ಆ ರಾತ್ರಿ ಅವಳು ನಮಗೆ ಬಡಿಸಿ ತಾನು ಉಣ್ಣದೆ ಗೋಡೆಗೆ ತಿರುಗಿ ಮಲಗಿದಳು. ಅಪ್ಪ ಅರ್ಧ ರೊಟ್ಟಿಗೇ ಕೈ ತೊಳೆದ.

ಮೂರು ಮಧ್ಯಾಹ್ನ ಮೇಡಂ ನನ್ನನ್ನು ಹಾಲಿನಲ್ಲಿ ಕೂರಿಸಿ ತಿದ್ದಿದಳು. ದನಿ ಏರಿಸಬೇಡ. ಇಳಿಸಬೇಡ. ನೀರು ನಿಂತ ಹಾಗೆ ಇರಲಿ. ಮೇಡಂ ಕೂಡ ಸಿಯೋಲಿನವಳಲ್ಲ. ಆಗ್ನೇಯದ ಬಂದರು ಪಟ್ಟಣದವಳು. ಊರಿಂದ ತಾಯಿಯ ಫೋನು ಬಂದರೆ ಅವಳದ್ದೂ ಬೇರೆಯೇ ರಾಗ ಹೊರಡುತ್ತಿತ್ತು, ನಾನು ಕೇಳಿದ್ದೆ. ಮೂರನೆಯ ದಿನ ನಾನು ತಪ್ಪಿಲ್ಲದೆ ಹೇಳಿದಾಗ ಅವಳು ನನ್ನ ತಲೆ ಸವರಿದಳು.

"ನಾನು ಇದನ್ನು ಕಲಿಯಲು ಎರಡು ವರ್ಷ ಅತ್ತಿದ್ದೇನೆ. ನೀನು ಮೂರು ದಿನದಲ್ಲಿ ಕಲಿತೆ."

ನನಗೆ ಖುಷಿಯಾಯಿತು. ಮುಚ್ಚಿಟ್ಟು ಏನು ಮಾಡಲಿ, ಬಹಳ ಖುಷಿಯಾಯಿತು.

ಭಾನುವಾರ ಅದೇ ಫ್ರಾಕು. ಎರಡು ವಾಕ್ಯ ಹೇಳಿದೆ, ನೀರು ನಿಂತ ಹಾಗೆ. ಅತಿಥಿಗಳ ಮುಖ ಸಡಿಲಾಯಿತು. ಟಿವಿಯೇ ಇರಬೇಕು, ನಾವೂ ಎಂಥ ಪೆದ್ದರು ಎಂದು ಯಾರೋ ನಕ್ಕರು. ಅಷ್ಟಕ್ಕೆ ಮುಗಿದಿತ್ತು. ಅಷ್ಟಕ್ಕೇ ಆಜೆ ಒಪ್ಪಿದ್ದಳು. ಆ ತರುಣ ಇಂಜಿನಿಯರು, "ಹಾಗಾದರೆ ಟಿವಿಯವರ ಹಾಗೆ ಇನ್ನೊಮ್ಮೆ ಮಾಡಿ ತೋರಿಸು" ಎಂದ. ಮೇಡಂ ನನಗೆ ಇದನ್ನು ಹೇಳಿಕೊಟ್ಟಿರಲಿಲ್ಲ. ಬೇಡ ಎಂದು ಕಣ್ಣಲ್ಲೇ ಅಂದಳು ಕೂಡ. ನಾನು ಸೊಂಟದ ಮೇಲೆ ಕೈ ಇಟ್ಟೆ. ಟಿವಿಯ ಗೂಢಚಾರ ಯಾವನೂ ಸೊಂಟದ ಮೇಲೆ ಕೈ ಇಡುವುದಿಲ್ಲ. ಬೆಕ್ಕಿಗೆ ಬೈದೆ, ಮೂಲಂಗಿಗೆ ಬೈದೆ, ತಲೆ ಎತ್ತಿ ವಿಮಾನಕ್ಕೆ ಬೈದೆ, ಒಂದೊಂದು ದುಂಗನ್ನೂ ಇಷ್ಟುದ್ದ ಎಳೆದೆ. ಇಡೀ ಊಟದ ಹಾಲ್ ನಗೆಯಿಂದ ತುಂಬಿತು. ಒಬ್ಬ ಮೇಜು ಬಡಿಯುತ್ತಿದ್ದ. ನಾನು ಇನ್ನೂ ಜೋರು ಮಾಡಿದೆ, ಕೊನೆಗೆ "ಪಾಬ್ ಮೊಗೊಸ್ಸುಮ್‌ದುಂಗ್?" ಎಂದು ಹಾಡಿ ಸೊಂಟ ತಿರುಗಿಸಿದೆ. ತಿರುಗಿದಾಗ ಬಾಗಿಲಲ್ಲಿ ಅನ್ನದ ಪಾತ್ರೆ ಹಿಡಿದ ಆಜೆ ಕಂಡಳು.

ಎಷ್ಟು ಹೊತ್ತಿನಿಂದ ನಿಂತಿದ್ದಳೋ ಗೊತ್ತಿಲ್ಲ. ಬಂದು ಪಾತ್ರೆ ಇಟ್ಟಳು, ತಲೆ ಬಾಗಿಸಿದಳು, ತುಟಿ ಬಿಚ್ಚದೆ ಒಳಗೆ ಹೋದಳು. ನಗದೆ ಉಳಿದವರು ಹಾನ್ ಒಬ್ಬರೇ. ಅವರು ಊಟ ಬಿಟ್ಟು ಎದ್ದು ನನ್ನ ಪಕ್ಕದಿಂದ ಹಾದುಹೋದರು, ನನ್ನನ್ನು ನೋಡಲಿಲ್ಲ.

ತಟ್ಟೆಗಳು ಖಾಲಿಯಾಗಿ ಬಂದವು. ಕಿಮ್ಚಿಯನ್ನು ಎರಡೆರಡು ಸಲ ಹಾಕಿಸಿಕೊಂಡಿದ್ದರು. ಹಿತ್ತಲಲ್ಲಿ ಅವ್ವ ತಟ್ಟೆಗಳನ್ನು ಒಂದೊಂದಾಗಿ ನೋಡುತ್ತಿದ್ದಳು. ನಾನು ಓಡಿ ಹೋಗಿ, "ಆಜೆ, ನಿನ್ನ ಕೆಲಸ ಉಳಿಯಿತು" ಅಂದೆ, ಅವಳ ರಾಗದಲ್ಲೇ ಅಂದೆ. ಅವಳು ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದಳು. ಅವಳ ಬಾಯಿಂದ ನಾನು ಎಂದೂ ಕೇಳದ ಮಾತು ಬಂತು, ಮೇಡಂ ಮೂರು ದಿನ ನನಗೆ ಕಲಿಸಿದ ಮಾತು.

"ಧನ್ಯವಾದಗಳು. ಇನ್ನು ಮುಂದೆ ನನ್ನನ್ನು ಇಮೋ ಎಂದು ಕರೆಯಿರಿ. ಎಲ್ಲರೂ ಹಾಗೆಯೇ ಕರೆಯುತ್ತಾರೆ."

ಅವಳಿಗೆ ಸಿಯೋಲ್ ಮಾತು ಅಷ್ಟು ಚೆನ್ನಾಗಿ ಬರುತ್ತಿತ್ತು ಎಂಬುದೇ ನನಗೆ ಗೊತ್ತಿರಲಿಲ್ಲ. ಹತ್ತು ವರ್ಷದ ಹುಡುಗಿಗೆ ಅವಳು ಬಹುವಚನ ಹಚ್ಚಿದ್ದಳು. ಈ ಸಲ ರೇಗಿಸುವುದು ಅದರಲ್ಲಿ ಎಳ್ಳಷ್ಟೂ ಇರಲಿಲ್ಲ. ಅವಳು ಸಿಟ್ಟಿನಲ್ಲಿ ಹೇಳಿದ್ದರೆ, ಒಂದು ಏಟು ಕೊಟ್ಟಿದ್ದರೆ, ನಾನು ಅತ್ತು ಎರಡು ದಿನದಲ್ಲಿ ಮರೆಯುತ್ತಿದ್ದೆ. ಅವಳು ಆಮೇಲೂ ನನಗೆ ಕಡುಬು ಎತ್ತಿಡುತ್ತಿದ್ದಳು, ಜ್ವರ ಬಂದಾಗ ಗಂಜಿ ಕಾಸಿ ಕಳಿಸಿದಳು. ಎದುರಾದರೆ ಮಾತ್ರ, "ಊಟ ಆಯಿತೇ?" ಎಂದು ಸಮತಟ್ಟಾಗಿ ಕೇಳುತ್ತಿದ್ದಳು. ಏಳು ತಿಂಗಳು ಹಾಗೇ ಕಳೆಯಿತು. ನಾನು ಹಿತ್ತಲಿಗೆ ಹೋಗುವುದನ್ನು ಕಡಿಮೆ ಮಾಡಿದೆ. ನಾನು ಇಲ್ಲದಾಗ ಅವಳು ಅವ್ವನ ಜೊತೆ ಮೊದಲಿನ ಹಾಗೇ ಮಾತಾಡುತ್ತಾಳೆ ಎಂದು ಮುಚ್ಚಿದ ಬಾಗಿಲಿನ ಈಚೆ ಕೂತು ಕೇಳಿಸಿಕೊಳ್ಳುತ್ತಿದ್ದೆ. ಒಂದು ಪದವೂ ತಿಳಿಯದ ಅವ್ವನ ಮುಂದೆ ಎಲ್ಲವನ್ನೂ ಆಡುತ್ತಿದ್ದಳು. ಎಲ್ಲ ತಿಳಿಯುವ ನಾನು ಬಂದರೆ ನಿಲ್ಲಿಸುತ್ತಿದ್ದಳು.

ಬೇಸಿಗೆಯ ಹೊತ್ತಿಗೆ ಮೇಡಂ ಕಾರ್ಖಾನೆಗಳ ಹತ್ತಿರಕ್ಕೆ ಗೆಸ್ಟ್‌ಹೌಸ್ ಸಾಗಿಸಿದಳು. ಇಮೋ ಅವಳ ಜೊತೆ ಹೊರಟಳು. ಟೆಂಪೋಗೆ ಜಾಡಿಗಳನ್ನೆಲ್ಲ ಏರಿಸಿ ಆದ ಮೇಲೆ ಅವಳು ಹಿತ್ತಲಿಗೆ ಬಂದು ಅವ್ವನ ಎರಡೂ ಕೈ ಹಿಡಿದುಕೊಂಡಳು. ನಾನು ನಮ್ಮ ಬಾಗಿಲಲ್ಲಿ ನಿಂತಿದ್ದೆ. ಅವಳು ಒಮ್ಮೆ ನನ್ನ ಕಡೆ ನೋಡಿ, ಮತ್ತೆ ಅವ್ವನ ಕಡೆ ತಿರುಗಿ, ತನ್ನ ಹಳೆಯ ಮಾತಿನಲ್ಲಿ, ಏರಿಸಿ ಇಳಿಸಿ, ಕಣ್ಣೊರೆಸಿಕೊಳ್ಳುತ್ತ ಹೇಳಿದಳು.

"ಸಿಯೋಲಿಗಿ ಹೋಗೋ ಮುಂದ ನನ್ನ ಮಗಳಿಗಿ ನಾನೇ ಹೇಳಿದ್ದೆ ತಂಗಿ, ಅಲ್ಲಿ ನಮ್ಮ ಮಾತು ಆಡಬ್ಯಾಡ, ನಗ್ತಾರ ಅಂತ. ಈಗ ಫೋನ್ ಮಾಡಿದ್ರ ನನ್ನ ಸಂಗಾಟನೂ ಆಡವಲ್ಲಳು. ಮರತಾಳ. ಮಗಳ ಸಂಗಾಟ ನಾ ಪರದೇಸಿಯಂಗ ಮಾತಾಡ್ತೀನಿ. ನಿನ್ನ ಕೂಸು ಶಾಣ್ಯಾ ಅದ. ಅಕಿ ನಿನ್ನ ಬಾಯಿ ಮುಚ್ಚಿಸಿದ್ರ ಮುಚ್ಚಬ್ಯಾಡ. ಒಮ್ಮೆ ಮುಚ್ಚಿದಿ ಅಂದ್ರ ಆಯ್ತು ನೋಡು."

"ಹೂಂ ಯಕ್ಕ," ಎಂದಳು ಅವ್ವ. "ಹೂಂ."

ಟೆಂಪೋ ಹೋಯಿತು. ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡು ನನ್ನ ಹತ್ತಿರ ಬಂದಳು.

"ಏನಂದ್ಳು ಅಕಿ? ನಿನಗ ತಿಳೀತದಲ್ಲ, ಹೇಳು."

ಈಗ ನಾನು ಹಿಂಜವಾಡಿಯ ಒಂದು ಆಫೀಸಿನಲ್ಲಿ ಕೊರಿಯನ್ ದುಭಾಷಿ. ಸಿಯೋಲಿನಿಂದ ಬಂದವರು ಕಣ್ಣು ಮುಚ್ಚಿ ಕೇಳಿದರೆ ನಮ್ಮೂರಿನವಳೇ ಅನ್ನಬೇಕು ಎಂದು ಹೊಗಳುತ್ತಾರೆ. ಒಬ್ಬರು ಆಡಿದ್ದನ್ನು ಒಂದಕ್ಷರ ಬಿಡದೆ ಇನ್ನೊಬ್ಬರಿಗೆ ಮುಟ್ಟಿಸುತ್ತೇನೆ ಎಂದು ನನಗೆ ಹೆಸರಿದೆ. ನಾನು ಮಾಡಿದ ಮೊಟ್ಟಮೊದಲ ಅನುವಾದ ಇದು:

"ನಿನ್ನ ರೊಟ್ಟಿ ಭಾಳ ನೆನಪಾಗ್ತಾವ ಅಂದ್ಳು."

ಅವ್ವ ನನ್ನ ಮುಖವನ್ನೇ ನೋಡುತ್ತ ನಿಂತಳು.

"ರೊಟ್ಟಿ ಸುದ್ದಿ ಹೇಳಾಕ ಯಾರರ ಅಷ್ಟು ಅಳ್ತಾರೇನ?"

ನಾನು ಬಾಗಿಲು ದಾಟಿ ಒಳಗೆ ಹೋದೆ. ಅವಳು ಮತ್ತೆ ಕೇಳಲಿಲ್ಲ. ಜೂನಿನಲ್ಲಿ ಶಾಲೆ ಶುರುವಾಗಿ ಪಾಲಕರ ಸಭೆ ಬಂತು. ಅವ್ವ ಅದೇ ಹಸಿರು ಇಳಕಲ್ಲ ಸೀರೆ ಉಟ್ಟು ಬಂದು ನನ್ನ ಪಕ್ಕ ನಿಂತಳು. ಟೀಚರು ಒಳ್ಳೆಯವರು, ಹೊಸಬರು. ನಿಮ್ಮ ಮಗಳ ಬಗ್ಗೆ ಏನಾದರೂ ಕೇಳುವುದಿದೆಯೇ ಎಂದು ಅವ್ವನನ್ನೇ ನೋಡಿ ಕೇಳಿದರು. ಅವ್ವನ ತುಟಿ ಒಮ್ಮೆ ಅಲುಗಿತು. ಆಮೇಲೆ ಅವಳು ನನ್ನ ಕಡೆ ನೋಡಿದಳು, ಅನ್ನಲೇ ಎಂದು ಕೇಳುವ ಹಾಗೆ. ನಾನು ನೆಲ ನೋಡಿದೆ. ಅವ್ವ ಗೋಣು ಹಾಕಿದಳು.